ಕಾಸು ಕದಿಯದ ಸರ್ವಾಧಿಕಾರಿ

(ಉಡುಪಿಯಲ್ಲಿ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ಮಾಡಿದ ಭಾಷಣದ ಬರಹರೂಪ)

ಸ್ಟುಡಿಯೋದಲ್ಲಿ ಮಾತಾಡುವವನಿಗೆ ಎದುರಿಗೆ ಕಾಣೋದು ಕ್ಯಾಮೆರಾ ಮಾತ್ರ. ಇವತ್ತು ಮಣಿಪಾಲದ ವಿದ್ಯಾರ್ಥಿಗಳಿದ್ದೀರಿ, ಕಾಪು, ಕಾರ್ಕಳದಿಂದ ಬಸ್ಸು ಹತ್ತಿ ಬಂದ ಹಿರಿಯರಿದ್ದೀರಿ. ನಿಮ್ಮ ಮುಖ ನೋಡಿಕೊಂಡು ಮಾತಾಡುವ ಅವಕಾಶ ಸಿಕ್ಕಿದೆ. ಹಾಗಾಗಿ, ವೀಕ್ಷಕರು ನನಗೆ ಅತಿ ಹೆಚ್ಚು ಸಲ ಹೇಳಿರುವ ಒಂದು ಮಾತಿಗೆ ಇಲ್ಲೇ ಉತ್ತರ ಕೊಟ್ಟುಬಿಡ್ತೀನಿ.

ಆ ಮಾತು ನಿಮಗೂ ಗೊತ್ತಿರುತ್ತೆ. "ಸಾರ್, ಈ ದೇಶಕ್ಕೆ ಒಬ್ಬ ಹಿಟ್ಲರ್ ಬರ್ಬೇಕು ಸಾರ್. ಆಗ್ಲೇ ಎಲ್ಲ ಸರಿ ಹೋಗೋದು."

ಹಿಟ್ಲರ್ ಬೇಡ ಅಂತ ವಾದಿಸೋದು ಸುಲಭ. ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಆಡಳಿತ ಅದು. ಕೊನೆಗೆ ತನ್ನ ದೇಶವನ್ನೇ ಸುಟ್ಟು ಬೂದಿ ಮಾಡಿ, ನೆಲದಡಿಯ ಬಂಕರ್‌ನಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಇಷ್ಟು ಹೇಳಿದ ಕೂಡಲೇ ಅವರು ಸ್ವಲ್ಪ ಇಳಿಯುತ್ತಾರೆ. "ಹಾಗಲ್ಲ ಸಾರ್. ಕೊಲ್ಲೋದು ಬೇಡ. ಪ್ರಾಮಾಣಿಕ ಇರ್ಬೇಕು. ಕಟ್ಟುನಿಟ್ಟು ಇರ್ಬೇಕು. ತನಗೆ, ತನ್ನ ಕುಟುಂಬಕ್ಕೆ ಅಂತ ಒಂದು ಪೈಸೆ ಮಾಡಬಾರದು. ಅಂಥವನ ಕೈಗೆ ಇಪ್ಪತ್ತು ವರ್ಷ ದೇಶ ಕೊಟ್ಬಿಡ್ಬೇಕು."

ಅಂಥವನೊಬ್ಬ ಇದ್ದ ಸ್ವಾಮಿ. ಅವನ ಕೈಗೆ ಇಪ್ಪತ್ತಲ್ಲ, ನಲವತ್ತು ವರ್ಷ ದೇಶ ಸಿಕ್ಕಿತ್ತು. ಅದನ್ನು ನೋಡೋಕೆ ನೀವು ಬರ್ಲಿನ್‌ಗೆ ಹೋಗಬೇಕಾಗಿಲ್ಲ. ಉಡುಪಿಯಲ್ಲಿ ರೈಲು ಹತ್ತಿದರೆ ನಾಲ್ಕೈದು ಗಂಟೆಯಲ್ಲಿ ಮಡಗಾಂವ್ ಬರುತ್ತಲ್ಲ, 1961ರ ಡಿಸೆಂಬರ್ ತನಕ ಅಲ್ಲಿ ಅವನದ್ದೇ ಆಳ್ವಿಕೆ. ಹೆಸರು ಆಂಟೋನಿಯೋ ಡಿ ಒಲಿವೇರಾ ಸಲಾಜಾರ್. ಪೋರ್ಚುಗಲ್ ದೇಶದ ಸರ್ವಾಧಿಕಾರಿ.

ಸಲಾಜಾರ್ ಹುಟ್ಟಿದ್ದು 1889ರ ಏಪ್ರಿಲ್ 28ರಂದು, ವಿಮಿಯೇರು ಎಂಬ ಹಳ್ಳಿಯಲ್ಲಿ. ಹಿಟ್ಲರ್ ಹುಟ್ಟಿದ್ದು ಅದೇ ವರ್ಷ, ಅದೇ ತಿಂಗಳು, ಬರೀ ಎಂಟು ದಿನ ಮುಂಚೆ. ಆದರೆ ಇಬ್ಬರಿಗೂ ಅಜಗಜಾಂತರ. ಸಲಾಜಾರ್‌ನ ಅಪ್ಪ ಜಮೀನ್ದಾರರ ಆಸ್ತಿ ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕ. ನಾಲ್ಕು ಹೆಣ್ಣುಮಕ್ಕಳ ಮೇಲೆ ಹುಟ್ಟಿದ ಒಬ್ಬನೇ ಮಗ ಈತ. ಓದಲೆಂದು ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗೆ ಸೇರಿಸಿದರು. ಅಲ್ಲಿ ಎಂಟು ವರ್ಷ ಕಳೆದರೂ ಪಾದ್ರಿಯಾಗಲಿಲ್ಲ. ಕೋಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಅಲ್ಲೇ ಅರ್ಥಶಾಸ್ತ್ರ ಕಲಿಸುವ ಪ್ರೊಫೆಸರ್ ಆದ. ಸೈನ್ಯದ ಸಮವಸ್ತ್ರ ಇಲ್ಲ, ಮೇಜು ಕುಟ್ಟಿ ಕಿರುಚುವ ಭಾಷಣ ಇಲ್ಲ. ಕಪ್ಪು ಕೋಟು, ಸಣ್ಣ ಧ್ವನಿ. ತರಗತಿಗೆ ಹೊರಟ ಮೇಷ್ಟ್ರ ಥರ ಕಾಣುತ್ತಿದ್ದ.

ಆಗ ಪೋರ್ಚುಗಲ್‌ನ ಪರಿಸ್ಥಿತಿ ಹೇಗಿತ್ತು ಗೊತ್ತಾ? 1910ರಲ್ಲಿ ರಾಜನನ್ನು ಓಡಿಸಿ ಗಣರಾಜ್ಯ ಮಾಡಿಕೊಂಡರು. ಮುಂದಿನ ಹದಿನಾರು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಸರ್ಕಾರಗಳು ಬಂದು ಹೋದವು. ಜನ ಬೇಸತ್ತರು. 1926ರಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಸೇನಾಧಿಕಾರಿಗಳಿಗೆ ಬಂದೂಕು ಗೊತ್ತಿತ್ತು, ಬಜೆಟ್ ಗೊತ್ತಿರಲಿಲ್ಲ. ಪ್ರೊಫೆಸರ್ ಸಾಹೇಬರನ್ನು ಕರೆದರು. 1928ರಲ್ಲಿ ಈತ ಹಣಕಾಸು ಮಂತ್ರಿಯಾದ. ಒಂದೇ ಷರತ್ತು ಹಾಕಿದ: ಎಲ್ಲ ಇಲಾಖೆಗಳ ಖರ್ಚಿನ ಮೇಲೆ ನನ್ನದೇ ಕೊನೆ ಮಾತು. ಒಂದೇ ವರ್ಷದಲ್ಲಿ ಖಾಲಿ ಖಜಾನೆಯಲ್ಲಿ ಉಳಿತಾಯ ತೋರಿಸಿದ. ಜನ ಪವಾಡ ಪುರುಷ ಅಂದರು. 1932ರಲ್ಲಿ ಪ್ರಧಾನಿ. 1933ರಲ್ಲಿ ಹೊಸ ಸಂವಿಧಾನ, ಅದಕ್ಕೆ 'ಹೊಸ ರಾಜ್ಯ' ಅಂತ ಹೆಸರು. ಅಲ್ಲಿಂದ 1968ರವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಆಸ್ತಿ ಮಾಡಿದನಾ? ಇಲ್ಲ. ಮದುವೆಯಾಗಲಿಲ್ಲ. ಸರ್ಕಾರಿ ಬಂಗಲೆಯ ಹಿತ್ತಿಲಲ್ಲಿ ಮನೆಗೆಲಸದ ಹೆಂಗಸು ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದಳು. ಎರಡನೇ ಮಹಾಯುದ್ಧಕ್ಕೆ ದೇಶವನ್ನು ಸಿಕ್ಕಿಸಲಿಲ್ಲ, ಅದೂ ಒಪ್ಪಬೇಕಾದ್ದೇ. ಭ್ರಷ್ಟಾಚಾರವೇ ನಮ್ಮ ಏಕೈಕ ರೋಗ ಅಂತ ನೀವು ಅಂದುಕೊಂಡಿದ್ದರೆ, ಔಷಧಿ ಇದೇ ಅಂತ ಅನ್ನಿಸಿಬಿಡುತ್ತೆ.

ಈಗ ಸ್ವಲ್ಪ ನಿಮ್ಮೂರಿಗೆ ಬರೋಣ. 1928 ಅಂದೆನಲ್ಲ, ಅದೇ 1928ರಲ್ಲಿ ಉಡುಪಿಯಲ್ಲಿ ಏನಾಯ್ತು? ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಮೂರು ವರ್ಷ ಮುಂಚೆ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ್ದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಪಿಗ್ಮಿ ಠೇವಣಿ ಆರಂಭಿಸಿತು. ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ ಕೆಲಸ. ಅಲ್ಲೂ ಉಳಿತಾಯ, ಇಲ್ಲೂ ಉಳಿತಾಯ. ಆದರೆ ಇಲ್ಲಿ ಎರಡಾಣೆ ಕೊಟ್ಟ ಬೀಡಿ ಕಟ್ಟುವ ಹೆಂಗಸಿನ ಹತ್ತಿರ ಪಾಸ್‌ಬುಕ್ ಇತ್ತು. ನನ್ನ ದುಡ್ಡು ಎಲ್ಲಿ ಅಂತ ಆಕೆ ಕೇಳಬಹುದಿತ್ತು. ಸಲಾಜಾರ್‌ನ ದೇಶದಲ್ಲಿ ಪಾಸ್‌ಬುಕ್ ಇದ್ದದ್ದು ಒಬ್ಬನ ಹತ್ತಿರ ಮಾತ್ರ.

ಪರಿಣಾಮ ನೋಡಿ. 1974ರ ಹೊತ್ತಿಗೆ ಪೋರ್ಚುಗಲ್‌ನ ತಿಜೋರಿಯಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಇತ್ತು. ಆದರೆ ಸಲಾಜಾರ್ ಸತ್ತ 1970ರಲ್ಲಿ ಆ ದೇಶದ ನಾಲ್ಕರಲ್ಲಿ ಒಬ್ಬರಿಗೆ ಓದು ಬರಹ ಬರುತ್ತಿರಲಿಲ್ಲ. ಯುರೋಪಿನಲ್ಲಿ ಸ್ವಾಮಿ! ಕೆಲಸ ಹುಡುಕಿಕೊಂಡು, ಯುದ್ಧಕ್ಕೆ ಹೆದರಿಕೊಂಡು, ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಎಷ್ಟೋ ಮಂದಿ ರಾತ್ರಿ ಹೊತ್ತು ಕದ್ದು ಗಡಿ ದಾಟಿ ಫ್ರಾನ್ಸಿಗೆ ಹೋದರು. ಖಜಾನೆ ತುಂಬಿತ್ತು, ಊರು ಖಾಲಿಯಾಗುತ್ತಿತ್ತು. ಇಲ್ಲಿ 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಖಾಸಗಿ ವೈದ್ಯಕೀಯ ಕಾಲೇಜು ಎದ್ದು ನಿಂತಿತ್ತು. ಅದರ ಶುಲ್ಕದ ಬಗ್ಗೆ ನಿಮಗೆ ತಕರಾರಿರಬಹುದು. ಆದರೆ ತಕರಾರು ಮಾಡಿದವರನ್ನು ಯಾರೂ ರಾತ್ರಿ ಬಂದು ಎತ್ತಿಕೊಂಡು ಹೋಗುವುದಿಲ್ಲವಲ್ಲ?

ಅಲ್ಲಿ ಎತ್ತಿಕೊಂಡು ಹೋಗುತ್ತಿದ್ದರು. ಆ ಗುಪ್ತ ಪೊಲೀಸ್ ಪಡೆಗೆ 'ಪಿಡೆ' ಅಂತ ಹೆಸರು. ಕೇಪ್ ವರ್ಡೆ ದ್ವೀಪದ ತರಾಫಾಲ್‌ನಲ್ಲಿ ರಾಜಕೀಯ ಕೈದಿಗಳಿಗೆಂದೇ ಒಂದು ಶಿಬಿರ. ಇನ್ನು ನನ್ನ ವೃತ್ತಿಯವರಿಗೆ ಏನಿತ್ತು? ನೀಲಿ ಪೆನ್ಸಿಲ್. ಪತ್ರಿಕೆ ಅಚ್ಚಾಗುವ ಮುಂಚೆ ಪ್ರತಿ ಪುಟ ಸೆನ್ಸಾರ್ ಕಚೇರಿಗೆ ಹೋಗಬೇಕು. ಅಧಿಕಾರಿ ನೀಲಿ ಪೆನ್ಸಿಲಿನಲ್ಲಿ ಗೀಟು ಹಾಕಿದರೆ ಆ ಸುದ್ದಿ ಹುಟ್ಟಲೇ ಇಲ್ಲ ಅಂತ ಅರ್ಥ. 'ಸೆನ್ಸಾರ್ ನೋಡಿದೆ' ಅಂತ ಪತ್ರಿಕೆಯವರೇ ಮೇಲೆ ಅಚ್ಚು ಹಾಕಿಕೊಳ್ಳಬೇಕಿತ್ತು.

1958ರಲ್ಲಿ ಅಧ್ಯಕ್ಷ ಚುನಾವಣೆ ಅಂತ ಒಂದು ನಾಟಕ ನಡೆಯಿತು. ಹಂಬರ್ಟೋ ಡೆಲ್ಗಾಡೊ ಎಂಬ ವಾಯುಪಡೆಯ ಜನರಲ್ ವಿರೋಧಿಗಳ ಅಭ್ಯರ್ಥಿ. ಗೆದ್ದರೆ ಸಲಾಜಾರ್‌ನನ್ನು ಏನು ಮಾಡ್ತೀರಿ ಅಂತ ಒಬ್ಬ ಪತ್ರಕರ್ತ ಕೇಳಿದ. ವಜಾ ಮಾಡ್ತೀನಿ, ಇನ್ನೇನು ಅಂದ ಡೆಲ್ಗಾಡೊ. ಇಷ್ಟೇ. ಮೂವತ್ತು ವರ್ಷದಲ್ಲಿ ಯಾರೂ ಬಹಿರಂಗವಾಗಿ ಆಡದ ಮಾತದು. ಜನ ಬೀದಿಗಿಳಿದರು. ಆದರೆ ಮತ ಎಣಿಸಿದವರು ಸಲಾಜಾರ್‌ನ ಜನ. ಡೆಲ್ಗಾಡೊ ಸೋತ, ದೇಶ ಬಿಟ್ಟ. ಆಮೇಲೆ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವ ಪದ್ಧತಿಯನ್ನೇ ತೆಗೆದುಹಾಕಿದರು. 1965ರಲ್ಲಿ ಸ್ಪೇನಿನ ಗಡಿಗೆ ಉಪಾಯವಾಗಿ ಕರೆಸಿಕೊಂಡು ಪಿಡೆಯವರು ಡೆಲ್ಗಾಡೊನನ್ನು ಕೊಂದು ಹೂತುಹಾಕಿದರು. ಮೊಟ್ಟೆ ಮಾರುತ್ತಿದ್ದ ಮನೆಯ ಆಡಳಿತ ಇದು.

ಇದೆಲ್ಲ ದೂರದ ಲಿಸ್ಬನ್‌ನ ಕಥೆ, ನಮಗೇನು ಅಂತ ಕೇಳಬೇಡಿ. ಕಾಪುವಿನ ದೀಪಸ್ತಂಭ ಹತ್ತಿದರೆ ಕಾಣುತ್ತಲ್ಲ ಕಡಲು, ಹದಿನಾರನೇ ಶತಮಾನದಲ್ಲಿ ಅಲ್ಲಿ ಸರಕಿನ ಹಡಗು ಸಾಗಬೇಕಾದರೆ ಪೋರ್ಚುಗೀಸರ ಪರವಾನಗಿ ಚೀಟಿ ಬೇಕಿತ್ತು. 'ಕಾರ್ತಾಜ್' ಅಂತಿದ್ದರು. ಚೀಟಿ ಇಲ್ಲದಿದ್ದರೆ ಹಡಗು ಜಪ್ತಿ. ಬಸ್ರೂರಿನಲ್ಲಿ ಅವರ ಕೋಟೆ ಇತ್ತು. ಗೋವಾದ ಹೊಟ್ಟೆ ತುಂಬಿಸಿದ್ದು ಈ ಕರಾವಳಿಯ ಅಕ್ಕಿ. ನೀವು ಮೇಜು ಅನ್ನುತ್ತೀರಿ, ಚಾವಿ ಅನ್ನುತ್ತೀರಿ, ಬಟಾಟೆ ಅನ್ನುತ್ತೀರಿ, ಎಲ್ಲ ಅವರ ಮಾತು. ಕಲ್ಯಾಣಪುರದ ಚರ್ಚಿಗೆ ಮಿಲಾಗ್ರಿಸ್ ಅಂತೀರಿ, ಅಂದರೆ ಪವಾಡಗಳು ಅಂತ. ಕಾರ್ಕಳದ ಫ್ಯಾಕ್ಟರಿಗಳಲ್ಲಿ ಸುಲಿಯುವ ಗೇರುಬೀಜವೂ ಅವರ ಹಡಗಿನಲ್ಲಿ ಬಂದದ್ದೇ. ಗೋವಾದಿಂದ ದೇವರನ್ನು, ಭಾಷೆಯನ್ನು ಹೊತ್ತುಕೊಂಡು ದಕ್ಷಿಣಕ್ಕೆ ಬಂದ ಕೊಂಕಣಿಗರ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿವೆ, ನಾನು ಹೇಳಬೇಕಾಗಿಲ್ಲ. ಹಿಂದೂಗಳೂ ಬಂದರು, ಕ್ರೈಸ್ತರೂ ಬಂದರು. ಕಾರ್ಕಳದ ಪಡುತಿರುಪತಿಯಲ್ಲಿ ಕೈಮುಗಿಯುವ ಎಷ್ಟೋ ಕುಟುಂಬಗಳ ಕುಲದೇವರು ಇವತ್ತಿಗೂ ಗೋವಾದ ಮಂಗೇಶಿ, ಕವಳೆ, ಮಾರ್ದೋಳದಲ್ಲಿ ಇದ್ದಾರೆ.

1947ರಲ್ಲಿ ಬ್ರಿಟಿಷರು ಹೋದರು. ಸಲಾಜಾರ್ ಹೋಗಲಿಲ್ಲ. 1951ರಲ್ಲಿ ಒಂದು ಜಾಣತನ ಮಾಡಿದ. ಕಾಗದದ ಮೇಲೆ ವಸಾಹತು ಎಂಬ ಪದ ಅಳಿಸಿ, 'ಸಾಗರೋತ್ತರ ಪ್ರಾಂತ್ಯ' ಅಂತ ಬರೆದ. ಗೋವಾ ಅಂದರೆ ಪೋರ್ಚುಗಲ್‌ನದೇ ಒಂದು ಜಿಲ್ಲೆ ಇದ್ದ ಹಾಗೆ, ಬಿಟ್ಟುಕೊಡುವ ಮಾತೇ ಇಲ್ಲ ಅಂದ. ತಮಾಷೆ ಏನಪ್ಪಾ ಅಂದ್ರೆ, ಆ ಗೋವಾವನ್ನು ಆತ ಜೀವನದಲ್ಲಿ ಒಮ್ಮೆಯೂ ಕಣ್ಣಲ್ಲಿ ನೋಡಿದವನಲ್ಲ. ಆಫ್ರಿಕಾದ ತನ್ನ ಒಂದು ವಸಾಹತಿಗೂ ಕಾಲಿಟ್ಟವನಲ್ಲ.

ಗೋವಾದ ಜನಕ್ಕೆ ಬಾಯಿ ಬಿಡಲು ಅಪ್ಪಣೆ ಬೇಕಿತ್ತು. ಮದುವೆ ಕರೆಯೋಲೆಯನ್ನೂ ಸೆನ್ಸಾರ್‌ಗೆ ಕೊಡಬೇಕಿತ್ತು ಅಂತ ಅಲ್ಲಿನ ಹೋರಾಟಗಾರರು ನೆನಪಿಸಿಕೊಳ್ಳುತ್ತಾರೆ. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವ್‌ನಲ್ಲಿ ಅಪ್ಪಣೆ ಇಲ್ಲದೆ ಸಭೆಯಲ್ಲಿ ಮಾತಾಡಲು ನಿಂತರು, ಬಂಧಿಸಿದರು. ಐದು ವರ್ಷದ ಮೇಲೆ ನಮ್ಮ ಕಾಗೋಡಿಗೆ ಬಂದ ಲೋಹಿಯಾ ಅವರೇ ಇವರು. ನರಗುಂದದ ಜಗನ್ನಾಥರಾವ್ ಜೋಶಿ 1955ರಲ್ಲಿ ಸತ್ಯಾಗ್ರಹಿಗಳ ತಂಡ ಕಟ್ಟಿಕೊಂಡು ಗೋವಾಕ್ಕೆ ನುಗ್ಗಿ ಜೈಲು ಸೇರಿದರು. ಅದೇ ವರ್ಷ ಆಗಸ್ಟ್ 15ರಂದು ದೇಶದ ಮೂಲೆಮೂಲೆಯಿಂದ ಬಂದ ಸತ್ಯಾಗ್ರಹಿಗಳು ಬರಿಗೈಯಲ್ಲಿ ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಭಾರತ ಗಡಿ ಮುಚ್ಚಿತು. ರೈಲು ನಿಂತಿತು. ಪರವಾನಗಿ ಇಲ್ಲದೆ ಯಾರೂ ಆಚೆ ಹೋಗುವ ಹಾಗಿಲ್ಲ. ಕುಲದೇವರು ಆಚೆ, ಭಕ್ತರು ಈಚೆ. ಪಕ್ಕದಲ್ಲೇ ನಮ್ಮ ಗದ್ದೆಗಳಿದ್ದರೂ ಗೋವಾಕ್ಕೆ ಪಾಕಿಸ್ತಾನದಿಂದ ಅಕ್ಕಿ, ಹಾಲೆಂಡಿನಿಂದ ಆಲೂಗಡ್ಡೆ ಬಂತು. ಒಬ್ಬನ ಹಟಕ್ಕೆ!

ಇಲ್ಲಿ ನನಗೆ ಬಹಳ ಇಷ್ಟದ ಒಂದು ಪ್ರಸಂಗ ಹೇಳಲೇಬೇಕು. 1955ರ ನವೆಂಬರ್ 25ರಂದು ಕಾಡಿನೊಳಗಿಂದ ಒಂದು ರೇಡಿಯೋ ದನಿ ಶುರುವಾಯಿತು. ನಡೆಸಿದವರು ಲಿಬಿಯಾ ಲೋಬೊ, ವಾಮನ ಸರ್ದೇಸಾಯಿ ಮತ್ತು ಗೆಳೆಯರು. ಮೊದಲು ಮಹಾರಾಷ್ಟ್ರದ ಅಂಬೋಲಿ ಕಾಡು, ಆಮೇಲೆ ನಮ್ಮದೇ ಉತ್ತರ ಕನ್ನಡದ ಕ್ಯಾಸಲ್‌ರಾಕ್. ಕೊಂಕಣಿಯಲ್ಲಿ, ಪೋರ್ಚುಗೀಸಿನಲ್ಲಿ, ಸುಮಾರು ಆರು ವರ್ಷ. ನೀಲಿ ಪೆನ್ಸಿಲ್ ಅಳಿಸಿದ್ದನ್ನೆಲ್ಲ ಇವರು ಗಾಳಿಯಲ್ಲಿ ಬರೆದರು. ಜಿಗಣೆ, ಮಳೆ, ಹಾವು, ಇದರ ನಡುವೆ ಬುಲೆಟಿನ್. ಎಸಿ ಸ್ಟುಡಿಯೋದಲ್ಲಿ ಕೂತು ಸುದ್ದಿ ಓದುವ ನಮ್ಮಂಥವರು ತಲೆ ತಗ್ಗಿಸಬೇಕು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದಾಗ, ಅದೇ ಲಿಬಿಯಾ ವಿಮಾನದಲ್ಲಿ ಕೂತು, ಧ್ವನಿವರ್ಧಕದಲ್ಲಿ ಸ್ವಾತಂತ್ರ್ಯದ ಸುದ್ದಿಯನ್ನು ಆಕಾಶದಿಂದಲೇ ಸಾರಿದರು. ನೂರು ವರ್ಷ ದಾಟಿದ ಮೇಲೆ, 2025ರಲ್ಲಿ, ಅವರಿಗೆ ಪದ್ಮಶ್ರೀ ಬಂತು.

ಆ ಬಿಡುಗಡೆಗೆ ಕಿಡಿ ಹೊತ್ತಿದ್ದೂ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲೇ. 1961ರ ನವೆಂಬರ್‌ನಲ್ಲಿ ಅಲ್ಲಿಂದ ಪೋರ್ಚುಗೀಸರು ಪ್ರಯಾಣಿಕರ ಹಡಗಿನ ಮೇಲೆ, ಮೀನುಗಾರರ ದೋಣಿಗಳ ಮೇಲೆ ಗುಂಡು ಹಾರಿಸಿದರು. ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿಯಿತು. ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು.

ಲಿಸ್ಬನ್‌ನಲ್ಲಿ ಕೂತಿದ್ದ ಸಲಾಜಾರ್ ಗೋವಾದ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾಗೆ ಸಂದೇಶ ಕಳಿಸಿದ್ದ: ಶರಣಾಗತಿ ಇಲ್ಲ, ಗೆದ್ದ ಸೈನಿಕರು ಇಲ್ಲವೇ ಸತ್ತ ಸೈನಿಕರು ಮಾತ್ರ. ಮೂರು ಸಾವಿರ ಚಿಲ್ಲರೆ ಹುಡುಗರನ್ನು ಬಲಿ ಕೊಡು ಅಂತ ಅರ್ಥ. ಆ ಗವರ್ನರ್ ಮನುಷ್ಯನಾಗಿ ಯೋಚಿಸಿದ, ಗೋವಾವನ್ನು ಸುಡದೆ ಶರಣಾದ. ಸಲಾಜಾರ್ ಏನು ಮಾಡಿದ? ಜೀವ ಉಳಿಸಿದ್ದಕ್ಕೆ ಅವನನ್ನು ಸೈನ್ಯದಿಂದಲೇ ಹೊರಹಾಕಿದ. ಇನ್ನೊಂದು ಕೇಳಿ. ಗೋವಾ 1961ರಲ್ಲೇ ಸ್ವತಂತ್ರವಾಯಿತು. ಆದರೆ ಗೋವಾಕ್ಕಾಗಿ ಹೋರಾಡಿ 1955ರಲ್ಲಿ ಸಿಕ್ಕಿಬಿದ್ದಿದ್ದ ಮೋಹನ್ ರಾನಡೆ ಪೋರ್ಚುಗಲ್‌ನ ಜೈಲಿನಿಂದ ಹೊರಬಂದದ್ದು 1969ರಲ್ಲಿ!

ಅಷ್ಟರಲ್ಲಿ ಸಲಾಜಾರ್ ಕಥೆ ಮುಗಿದಿತ್ತು. ಮುಗಿದ ರೀತಿ ಮಾತ್ರ ವಿಚಿತ್ರ. 1968ರ ಆಗಸ್ಟ್‌ನಲ್ಲಿ ಒಂದು ದಿನ ಕುರ್ಚಿಯಿಂದ ಬಿದ್ದ. ನಿಜವಾದ ಕುರ್ಚಿಯಿಂದಲೇ, ಬಟ್ಟೆಯ ಮಡಚುವ ಕುರ್ಚಿ. ತಲೆಗೆ ಪೆಟ್ಟು, ಮೆದುಳಿನಲ್ಲಿ ರಕ್ತಸ್ರಾವ, ಕೋಮಾ. ಸೆಪ್ಟೆಂಬರ್‌ನಲ್ಲಿ ಮಾರ್ಸೆಲೊ ಕೇಟಾನೊನನ್ನು ಪ್ರಧಾನಿ ಮಾಡಿದರು. ಆದರೆ ಸಲಾಜಾರ್‌ಗೆ ಎಚ್ಚರ ಬಂತು. ನೀವು ಈಗ ಪ್ರಧಾನಿ ಅಲ್ಲ ಅಂತ ಅವನಿಗೆ ಹೇಳುವವರು ಯಾರು? ಒಬ್ಬರಿಗೂ ಧೈರ್ಯ ಬರಲಿಲ್ಲ. ಮಂತ್ರಿಗಳು ಬಂದು ಕೂರುತ್ತಿದ್ದರು, ಈತ ಸೂಚನೆ ಕೊಡುತ್ತಿದ್ದ, ಅವರು ಆಗಲಿ ಸ್ವಾಮಿ ಅಂತ ತಲೆಯಾಡಿಸಿ ಹೋಗುತ್ತಿದ್ದರು. 1970ರ ಜುಲೈ 27ರಂದು ಸಾಯುವ ತನಕ ದೇಶ ಆಳುತ್ತಿರುವುದು ತಾನೇ ಅಂತ ನಂಬಿದ್ದ ಅನ್ನುತ್ತಾರೆ.

ನಲವತ್ತು ವರ್ಷ ದೇಶಕ್ಕೆಲ್ಲ ನಿಜ ಹೇಳಬೇಡಿ ಅಂದವನಿಗೆ, ಕೊನೆಗೆ ನಿಜ ಹೇಳುವ ಒಬ್ಬನೂ ಉಳಿಯಲಿಲ್ಲ.

1974ರ ಏಪ್ರಿಲ್ 25ರಂದು ಸೈನ್ಯದ ಕಿರಿಯ ಅಧಿಕಾರಿಗಳು ಆ ವ್ಯವಸ್ಥೆಯನ್ನು ಕೆಡವಿದರು. ಅಂಗೋಲಾ, ಮೊಜಾಂಬಿಕ್, ಗಿನಿಯಲ್ಲಿ ವರ್ಷಗಟ್ಟಲೆ ಗೆಲ್ಲಲಾಗದ ಯುದ್ಧ ಮಾಡಿ ಸುಸ್ತಾದವರು ಅವರು. ಶುರು ಮಾಡಲು ಸಂಕೇತ ಏನಿತ್ತು ಗೊತ್ತಾ? ಮಧ್ಯರಾತ್ರಿ ರೇಡಿಯೋದಲ್ಲಿ ಬಂದ ಹಾಡು. ಜನ ಸೈನಿಕರ ಬಂದೂಕಿನ ನಳಿಗೆಗೆ ಕೆಂಪು ಹೂ ಸಿಕ್ಕಿಸಿದರು. ಅದೇ ವರ್ಷದ ಕೊನೆಗೆ ಪೋರ್ಚುಗಲ್ ಗೋವಾ ಭಾರತದ್ದು ಅಂತ ಸಹಿ ಹಾಕಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. 2007ರಲ್ಲಿ ಪೋರ್ಚುಗಲ್‌ನ ಸರ್ಕಾರಿ ಟಿವಿ ಒಂದು ಸ್ಪರ್ಧೆ ನಡೆಸಿತು: ನಮ್ಮ ದೇಶದ ಅತಿ ಶ್ರೇಷ್ಠ ವ್ಯಕ್ತಿ ಯಾರು? ಫೋನ್ ಮಾಡಿ ಮತ ಹಾಕಿ. ನಮ್ಮ ಚಾನೆಲ್‌ಗಳಲ್ಲೂ ಮಾಡ್ತೀವಲ್ಲ, ಹಾಗೆ. ಗೆದ್ದವರು ಯಾರು? ಶೇಕಡಾ 41 ಮತ ಪಡೆದು ಸಲಾಜಾರ್! ಎರಡನೆಯವನು ಅವನ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತ ಕಮ್ಯುನಿಸ್ಟ್ ನಾಯಕ ಅಲ್ವಾರೊ ಕುನ್ಯಾಲ್. ಮೂರನೆಯವನು ಅರಿಸ್ಟೈಡ್ಸ್ ಡಿ ಸೂಸಾ ಮೆಂಡೆಸ್. 1940ರಲ್ಲಿ ಫ್ರಾನ್ಸಿನ ಬೋರ್ಡೊ ನಗರದಲ್ಲಿ ಪೋರ್ಚುಗಲ್‌ನ ರಾಯಭಾರ ಅಧಿಕಾರಿಯಾಗಿದ್ದವನು. ನಾಜಿಗಳಿಂದ ಓಡಿ ಬಂದ ಸಾವಿರಾರು ಜನಕ್ಕೆ, ಸಲಾಜಾರ್‌ನ ಆಜ್ಞೆ ಮೀರಿ ವೀಸಾ ಬರೆದುಕೊಟ್ಟ. ಕೆಲಸ ಹೋಯಿತು, ಬಡತನದಲ್ಲಿ ಸತ್ತ. ಜೈಲಿಗೆ ಹಾಕಿದವನು, ಜೈಲಿಗೆ ಹೋದವನು, ಮಾತು ಕೇಳದವನು, ಮೂವರೂ ಒಂದೇ ಪಟ್ಟಿಯಲ್ಲಿ.

ಯಾಕೆ ಹಾಗಾಯ್ತು? ಅದನ್ನು ಪ್ರತಿಭಟನೆಯ ಮತ ಅಂದರು ಕೆಲವರು, ಫೋನ್ ಮತಕ್ಕೆ ಬೆಲೆ ಇಲ್ಲ ಅಂದರು ಇನ್ನು ಕೆಲವರು. ನನಗೆ ಅನ್ನಿಸೋದು ಇಷ್ಟು. ಕದ್ದ ಹಣಕ್ಕೆ ಲೆಕ್ಕ ಇರುತ್ತೆ. ಆದರೆ ಅಚ್ಚಾಗದ ಸುದ್ದಿಗೆ, ಓದು ಕಲಿಯದ ಮಗುವಿಗೆ, ಊರು ಬಿಟ್ಟ ಹುಡುಗನಿಗೆ, ಯಾರೂ ಕೇಳದೇ ಹೋದ ಪ್ರಶ್ನೆಗೆ ಲೆಕ್ಕ ಎಲ್ಲಿ ಸಿಗುತ್ತೆ? ಸಲಾಜಾರ್ ಕಾಸು ಕದಿಯಲಿಲ್ಲ, ಜನರ ಬಾಯಿ ಕದ್ದ. ಆ ಕಳ್ಳತನಕ್ಕೆ ಎಫ್‌ಐಆರ್ ಆಗುವುದಿಲ್ಲ.

ನಮಗೂ ಅದರ ರುಚಿ ಸ್ವಲ್ಪ ಗೊತ್ತು. 1975ರ ಜೂನ್‌ನಿಂದ 21 ತಿಂಗಳು ತುರ್ತು ಪರಿಸ್ಥಿತಿ. ರೈಲು ಟೈಮಿಗೆ ಬರುತ್ತಿತ್ತು ಅಂತ ಈಗಲೂ ಹೊಗಳುವವರಿದ್ದಾರೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಎಲ್ಲಿ ಅಂತ ಕೇಳಿ ಅವರ ತಮ್ಮ ಲಾರೆನ್ಸ್‌ಗೆ ಬೆಂಗಳೂರಿನಲ್ಲಿ ಪೊಲೀಸರು ಕೊಟ್ಟ ಹಿಂಸೆಯನ್ನು ಆ ಹೊಗಳಿಕೆಯಲ್ಲಿ ಸೇರಿಸುವುದಿಲ್ಲ. ಆದರೆ ವ್ಯತ್ಯಾಸ ನೋಡಿ. 1977ರಲ್ಲಿ ಚುನಾವಣೆ ಬಂತು, ದೇಶದ ಮತದಾರ ಸರ್ಕಾರವನ್ನು ವಜಾ ಮಾಡಿದ. ಕರ್ನಾಟಕ ಮಾತ್ರ ಆಗಲೂ 28ರಲ್ಲಿ 26 ಸ್ಥಾನ ಇಂದಿರಾ ಗಾಂಧಿಯವರ ಪಕ್ಷಕ್ಕೇ ಕೊಟ್ಟಿತು. ಅದೂ ಮತವೇ, ಎಣಿಸಿದ ಮತ. ಡೆಲ್ಗಾಡೊಗೆ ಸಿಗದೇ ಹೋದದ್ದು ಇದೇ.

ಹಾಗಾಗಿ ಸ್ನೇಹಿತರೇ, ಪ್ರಾಮಾಣಿಕ ನಾಯಕ ಬೇಕು ಅಂತ ಕೇಳಿ, ಖಂಡಿತ ಕೇಳಿ. ಆದರೆ ಇನ್ನೆರಡು ಪ್ರಶ್ನೆ ಜೊತೆಗಿರಲಿ. ಆ ಮನುಷ್ಯ ತಪ್ಪು ಮಾಡಿದಾಗ ಹೇಳುವವರು ಯಾರು? ಹೇಳಿದ ಮೇಲೂ ಕೇಳದಿದ್ದರೆ ಕಳಿಸುವುದು ಹೇಗೆ? ಈ ಎರಡಕ್ಕೆ ಉತ್ತರ ಇಲ್ಲದ ಕಡೆ, ಎಷ್ಟೇ ಒಳ್ಳೆಯವನು ಬಂದರೂ ಒಪ್ಪಬೇಡಿ. ಪಕ್ಷ ಯಾವುದೇ ಇರಲಿ, ಧರ್ಮ ಯಾವುದೇ ಇರಲಿ.

ಅದೇ ಪ್ರಶ್ನೆಯನ್ನು ನಮ್ಮನ್ನೂ ಕೇಳಿ. ಇವತ್ತು ಯಾವ ಸುದ್ದಿ ಹೇಳಿದಿರಿ ಅನ್ನೋದರ ಜೊತೆ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಕೇಳಿ. ನೀಲಿ ಪೆನ್ಸಿಲ್ ಈಗ ಸರ್ಕಾರಿ ಕಚೇರಿಯಲ್ಲೇ ಇರಬೇಕು ಅಂತೇನೂ ಇಲ್ಲ. ಅದು ನಮ್ಮ ಜೇಬಿನಲ್ಲೂ ಇರಬಹುದು. ತಡಕಿ ನೋಡುವ ಹಕ್ಕು ನಿಮ್ಮದು.